ತಾರಿಫಾಗೆ ಹೊರಟಿದ್ದೇವೆ, ಗಾಳಿ ನಿಜವಾಗಲೂ ಅಷ್ಟೊಂದು ಇರುತ್ತದಾ?

ಮೂಲ್ಕಿ_ಅಲೆ:

ಎಲ್ಲರಿಗೂ ನಮಸ್ಕಾರ. ನಾವು ಫ್ರಾಂಕ್‌ಫರ್ಟ್‌ನಲ್ಲಿ ಇದ್ದೇವೆ. ಸೆಪ್ಟೆಂಬರ್‌ನಲ್ಲಿ ಒಂದು ವಾರ ರಜೆ ಸಿಗುತ್ತದೆ, ಸ್ಪೇನ್‌ನ ದಕ್ಷಿಣ ತುದಿಯಲ್ಲಿರುವ ತಾರಿಫಾಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು ಊರಿನಲ್ಲಿದ್ದಾಗ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವನು. ಸಸಿಹಿತ್ಲು ಕಡೆಯ ಸಣ್ಣ ಅಲೆಯಲ್ಲಿ ಬೋರ್ಡ್ ಮೇಲೆ ಎದ್ದು ನಿಲ್ಲುವಷ್ಟು ಬರುತ್ತದೆ, ಅದಕ್ಕಿಂತ ಮೇಲೆ ಏನೂ ಇಲ್ಲ. ಇಲ್ಲಿ ಆಫೀಸಿನಲ್ಲಿ ಈ ಹುಚ್ಚು ಇರುವವರನ್ನು ಕೇಳಿದರೆ ಎಲ್ಲರ ಬಾಯಲ್ಲೂ ತಾರಿಫಾದೇ ಹೆಸರು. ಆದರೆ ಇಂಟರ್ನೆಟ್‌ನಲ್ಲಿ ಓದಿದರೆ ಅರ್ಧ ಜನ ಸ್ವರ್ಗ ಅನ್ನುತ್ತಾರೆ, ಇನ್ನರ್ಧ ಜನ ಗಾಳಿಗೆ ತಲೆ ಕೆಟ್ಟು ರಜೆ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿದೆವು ಅನ್ನುತ್ತಾರೆ. ಯಾರನ್ನು ನಂಬುವುದು?

ನಾನೊಬ್ಬನೇ ಆಗಿದ್ದರೆ ಇಷ್ಟು ಯೋಚನೆ ಮಾಡುತ್ತಿರಲಿಲ್ಲ. ಹೆಂಡತಿ ಬರುತ್ತಾಳೆ, ಅವಳಿಗೆ ನೀರಿಗೆ ಇಳಿಯುವ ಆಸೆಯೇ ಇಲ್ಲ, ಊರು ಸುತ್ತಬೇಕು, ಹಳೇ ಕಟ್ಟಡ ನೋಡಬೇಕು. ಅಮ್ಮನೂ ಉಡುಪಿಯಿಂದ ಬಂದಿರುತ್ತಾರೆ, ವಿಸಿಟ್ ವೀಸಾದಲ್ಲಿ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಮುಟ್ಟುವುದಿಲ್ಲ. ಅಲ್ಲಿಂದ ಹಡಗು ಹತ್ತಿದರೆ ಒಂದು ಗಂಟೆಯಲ್ಲಿ ಮೊರಾಕೊ ಅಂತೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ? ಕಾರು ಬೇಕೇ ಬೇಕಾ? ಹೋಗಿ ಬಂದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಸೆವಿಯಾ_ಕನ್ನಡಿಗ:

ಮೊದಲು ಒಂದು ವಿಷಯ ತಿಳಿದುಕೊಳ್ಳಿ ಮಾರಾಯ್ರೇ. ತಾರಿಫಾದಲ್ಲಿ ಸರ್ಫಿಂಗ್ ಅಂದರೆ ಬಹುಪಾಲು ಕೈಟ್ ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟ ಎಳೆದ ಕಡೆಗೆ ಬೋರ್ಡ್ ಮೇಲೆ ನಿಂತು ಸಾಗುವುದು. ಉಳಿದದ್ದು ಬೋರ್ಡಿಗೇ ಹಾಯಿ ಕಟ್ಟಿದ ವಿಂಡ್ ಸರ್ಫಿಂಗ್, ಈಗೀಗ ಕೈಯಲ್ಲಿ ರೆಕ್ಕೆ ಹಿಡಿದುಕೊಂಡು ಹೋಗುವ ವಿಂಗ್ ಕೂಡ. ನೀವು ಮೂಲ್ಕಿಯಲ್ಲಿ ಕಲಿತದ್ದು ಅಲೆಯ ಸರ್ಫಿಂಗ್. ಅದಕ್ಕೆ ಗಾಳಿ ಕಮ್ಮಿ ಇದ್ದಷ್ಟೂ ಒಳ್ಳೆಯದು, ತಾರಿಫಾಗೆ ಜನ ಬರುವುದೇ ಗಾಳಿಗಾಗಿ. ಸೆಪ್ಟೆಂಬರ್‌ನಲ್ಲಿ ಅಲೆ ಬೇಕು ಅಂತ ಅಲ್ಲಿಗೆ ಹೋದರೆ ಬೋರ್ಡ್ ಬಗಲಲ್ಲಿಟ್ಟುಕೊಂಡು ಕಾಯುವುದೇ ಜಾಸ್ತಿ ಆಗಬಹುದು. ಅಲೆಯ ಕಾಲ ಚಳಿಗಾಲ.

ಗಾಳಿ ಅಷ್ಟೊಂದು ಇರುತ್ತದಾ ಅಂದರೆ, ಇರುತ್ತದೆ. ಮ್ಯಾಪ್ ತೆಗೆದು ನೋಡಿ. ಮೇಲೆ ಸ್ಪೇನ್, ಕೆಳಗೆ ಮೊರಾಕೊ, ಎರಡೂ ಕಡೆ ಬೆಟ್ಟ, ನಡುವೆ ಸಮುದ್ರ ಎಲ್ಲಕ್ಕಿಂತ ಕಿರಿದಾದ ಕಡೆ ಬರೀ 14 ಕಿ.ಮೀ. ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್ ನಡುವೆ ಓಡಾಡುವ ಗಾಳಿ ಈ ಸಂದಿಯಲ್ಲೇ ನುಸುಳಬೇಕು. ಇಕ್ಕಟ್ಟಿನಲ್ಲಿ ಅದರ ವೇಗ ಏರುತ್ತದೆ. ಊರಿನ ಸುತ್ತ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ.

ಅಲ್ಲಿ ಬೀಸುವುದು ಎರಡೇ ಗಾಳಿ. ಪೂರ್ವದಿಂದ ಬಂದರೆ ಲೆವಾಂತೆ, ಪಶ್ಚಿಮದಿಂದ ಬಂದರೆ ಪೊನಿಯೆಂತೆ. ಊರಿನಲ್ಲಿ ಬೆಳಿಗ್ಗೆ ಕಾಫಿ ಕೊಡುವವನ ಹತ್ತಿರ ಕೂಡ ಮೊದಲ ಮಾತು ಇವತ್ತು ಯಾವುದು ಅನ್ನುವುದೇ. ಪೊನಿಯೆಂತೆ ಸಮುದ್ರದ ಕಡೆಯಿಂದ ಬರುತ್ತದೆ, ತಂಪು, ಒಂದೇ ಸಮ ಬೀಸುತ್ತದೆ, ಸಾಮಾನ್ಯವಾಗಿ 15ರಿಂದ 25 ನಾಟ್ ಒಳಗೆ, ಅಂದರೆ ಗಂಟೆಗೆ ಸುಮಾರು 28ರಿಂದ 46 ಕಿ.ಮೀ. ಕಲಿಯುವವರಿಗೆ ಇದೇ ಗಾಳಿ ಬೇಕು, ಏನಾದರೂ ಎಡವಟ್ಟಾದರೆ ನಿಮ್ಮನ್ನು ದಡದ ಕಡೆಗೇ ತಳ್ಳುತ್ತದೆ. ಲೆವಾಂತೆ ಬೇರೆ ಜಾತಿ. ಬೆಚ್ಚಗೆ, ಒಣಗಿಕೊಂಡು, ಜರ್ಕ್ ಹೊಡೆಯುತ್ತಾ ಬರುತ್ತದೆ. 30 ನಾಟ್ ದಾಟುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಒಮ್ಮೆ ಶುರುವಾದರೆ ಹಗಲು ರಾತ್ರಿ ದಿನಗಟ್ಟಲೆ ಬೀಸಬಹುದು. ತಲೆ ಕೆಡುತ್ತದೆ ಅಂತ ಊರಿನವರೇ ಹೇಳುತ್ತಾರೆ. ಹಾಗಾಗಿ ನೀವು ಓದಿದ ಎರಡೂ ಗುಂಪಿನವರು ನಿಜವನ್ನೇ ಬರೆದಿದ್ದಾರೆ. ಅವರವರು ಹೋದ ವಾರ ಯಾವ ಗಾಳಿ ಇತ್ತು ಅನ್ನುವುದರ ಮೇಲೆ ಹೋಯಿತು ಅಷ್ಟೇ.

ಊರಿಗೆ ಅಂಟಿಕೊಂಡೇ ಇರುವ ಉದ್ದನೆಯ ಬೀಚ್ ಲೋಸ್ ಲಾನ್ಸೆಸ್. ಅಲ್ಲಿ ಲೆವಾಂತೆ ದಡದಿಂದ ಸಮುದ್ರದ ಕಡೆಗೆ ಬೀಸುತ್ತದೆ. ನೀರು ನೋಡಿದರೆ ಅಲೆಯಿಲ್ಲದೆ ಶಾಂತವಾಗಿ ಕಾಣುತ್ತದೆ, ಅದನ್ನು ನೋಡಿಯೇ ಹೊಸಬರು ಮೋಸಹೋಗುವುದು. ಆ ಗಾಳಿಯಲ್ಲಿ ಕೈಟ್ ಕೈಬಿಟ್ಟರೆ ಅಥವಾ ಪ್ಯಾಡಲ್ ಬೋರ್ಡ್ ಮೇಲೆ ಸುಮ್ನೆ ಕೂತಿದ್ದರೂ ಅಟ್ಲಾಂಟಿಕ್ ಕಡೆಗೆ ಸಾಗಿಬಿಡುತ್ತೀರಿ. ರಕ್ಷಣೆಯ ದೋಣಿ ಇರುವ ಶಾಲೆಯ ಜೊತೆ ಬಿಟ್ಟು ಲೆವಾಂತೆ ದಿನ ಒಬ್ಬರೇ ನೀರಿಗೆ ಇಳಿಯಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಕೈಟ್ ಕಲಿಯುವ ಮನಸ್ಸಿದ್ದರೆ ಖಂಡಿತ ಕಲಿಯಿರಿ, ಅಲೆಯ ಅಭ್ಯಾಸ ಇರುವುದರಿಂದ ಬೋರ್ಡ್ ಮೇಲಿನ ಹಿಡಿತ ಬೇಗ ಬರುತ್ತದೆ. ಆದರೆ ಮೊದಲ ದಿನ ಬೋರ್ಡ್ ಮುಟ್ಟುವುದಕ್ಕೇ ಬಿಡುವುದಿಲ್ಲ. ಮರಳಿನ ಮೇಲೆ ಕೈಟ್ ಬಿಚ್ಚಿ, ಮುಂದಿನ ಅಂಚಿಗೆ ಪಂಪ್ ಹೊಡೆದು, ಹಾರಿಹೋಗದಂತೆ ಅದರ ಮೇಲೆ ಎರಡು ಬೊಗಸೆ ಮರಳು ಸುರಿದು, ನಾಲ್ಕು ದಾರವನ್ನೂ ಸಿಕ್ಕಿಲ್ಲದಂತೆ ನಡೆದುಕೊಂಡು ಹೋಗಿ ಬಿಡಿಸಬೇಕು. ಎಡದ್ದು ಬಲಕ್ಕೆ ಕಟ್ಟಿದರೆ ಎತ್ತಿದ ಕೂಡಲೇ ಗಿರಕಿ ಹೊಡೆದು ನೆಲಕ್ಕೆ ಬಡಿಯುತ್ತದೆ, ಜೊತೆಗೆ ನಿಮ್ಮನ್ನೂ ಎಳೆಯುತ್ತದೆ. ಸೊಂಟದ ಹತ್ತಿರ ಒಂದು ಕೆಂಪು ಹಿಡಿ ಇರುತ್ತದೆ, ಮುಂದಕ್ಕೆ ತಳ್ಳಿದರೆ ಕೈಟ್ ಶಕ್ತಿ ಕಳೆದುಕೊಂಡು ಬೀಳುತ್ತದೆ. ಕಣ್ಣು ಮುಚ್ಚಿಕೊಂಡೂ ಕೈ ಅಲ್ಲಿಗೇ ಹೋಗುವ ತನಕ ಅದನ್ನು ಅಭ್ಯಾಸ ಮಾಡಿಸಿಕೊಳ್ಳಿ. ಪೊನಿಯೆಂತೆಗೆ 9ರಿಂದ 12 ಚದರ ಮೀಟರ್ ಕೈಟ್ ಹಿಡಿಯುವವರು ಲೆವಾಂತೆಗೆ 5, 6, 7ಕ್ಕೆ ಇಳಿಯುತ್ತಾರೆ. ಇದರಲ್ಲೇ ಅಂದಾಜು ಮಾಡಿಕೊಳ್ಳಿ.

ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಆರಿಸಿದ್ದು ಒಳ್ಳೆಯದಾಯಿತು. ಆಗಸ್ಟ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇಸಿಗೆಯಲ್ಲಿ ಈಜುವವರಿಗೆ ಅಂತ ಬೇರೆ ಮಾಡಿದ ಜಾಗದಲ್ಲಿ ಕೈಟ್ ಹಾರಿಸುವ ಹಾಗೂ ಇಲ್ಲ. ನೀರು ಮಾತ್ರ ನಮ್ಮ ಕರಾವಳಿಯ ನೀರಿನಂತೆ ಅಲ್ಲ, ವೆಟ್‌ಸೂಟ್ ಬೇಕೇ ಬೇಕು. ಶಾಲೆಯವರೇ ಕೊಡುತ್ತಾರೆ.

ಪಡುಕರೆ_ಪುಟ್ಟ:

ಇಷ್ಟೆಲ್ಲಾ ಕೇಳಿದ ಮೇಲೆ ನನ್ನದೊಂದು ಪ್ರಶ್ನೆ. ಅಲೆ ಬೇಕು ಅನ್ನುವವನಿಗೆ ಗಾಳಿಯ ಊರು ಯಾಕೆ? ಪೋರ್ಚುಗಲ್‌ನ ಎರಿಸೇರಾ ಇದೆ, ಪೆನೀಷೆ ಇದೆ. ಹೊಸಬರ ಅಲೆಗೂ ಜಾಗ ಇದೆ, ಲಿಸ್ಬನ್‌ನಿಂದ ಬಸ್ ಹತ್ತಿದರೆ ಆಯಿತು. ಕೈಟೇ ಕಲಿಯಬೇಕು ಅಂದರೆ ಮುಂದಿನ ಸಲ ಊರಿಗೆ ಬಂದಾಗ ರಾಮೇಶ್ವರಕ್ಕೆ ಹೋಗಿ. ಅಲ್ಲಿ ಬೆಚ್ಚಗಿನ ನೀರು, ಆಳ ಇಲ್ಲದ ಕಡಲು, ಯೂರೋ ಲೆಕ್ಕದಲ್ಲಿ ದುಡ್ಡು ಸುರಿಯಬೇಕಾಗಿಲ್ಲ. ತಾರಿಫಾದಲ್ಲಿ ಗಾಳಿ ಚೆನ್ನಾಗಿದ್ದ ದಿನ ಆಕಾಶದಲ್ಲಿ ಕೈಟ್‌ಗಳು ಒಂದರ ಮೇಲೊಂದು, ಹೊಸಬ ಎಲ್ಲಿ ಹಾರಿಸುವುದು? ಹೆಸರು ದೊಡ್ಡದು, ಅಷ್ಟೇ.

ಸೆವಿಯಾ_ಕನ್ನಡಿಗ:

@ಪಡುಕರೆ_ಪುಟ್ಟ ಗಿಜಿಗಿಜಿ ಇರುವುದು ನಿಜ. ರಾಮೇಶ್ವರದ ಮಾತೂ ಸರಿ, ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿ ಕಮ್ಮಿ. ಆದರೆ ಅವರ ಜೊತೆ ಸರ್ಫಿಂಗ್ ಬೇಡದ ಇಬ್ಬರು ಇದ್ದಾರೆ ಅಲ್ವಾ? ತಾರಿಫಾದ ಸುತ್ತ ನೋಡುವುದಕ್ಕೆ ಇರುವಷ್ಟು ಎಲ್ಲಾ ಸರ್ಫ್ ಊರುಗಳಲ್ಲೂ ಇರುವುದಿಲ್ಲ. ಅಲೆಯ ಆಸೆಗೆ ಒಂದು ದಿನ ಕಾರಿನಲ್ಲಿ ಎಲ್ ಪಾಲ್ಮರ್ ಬೀಚ್‌ಗೆ ಹೋಗಿ ಬರಲಿ, ಉತ್ತರಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಕಾದಿಸ್ ಜಿಲ್ಲೆಯ ಅಲೆ ಸರ್ಫರ್‌ಗಳು ಸೇರುವುದೇ ಅಲ್ಲಿ, ಮರಳಿನ ತಳ, ಬಿದ್ದರೂ ಮೈ ಕೆರೆಯುವುದಿಲ್ಲ.

ಗಾಳಿಗೆ_ಛತ್ರಿ:

ನಾನು ನೀರಿಗೆ ಇಳಿಯದವರ ಪಕ್ಷ. ಗಂಡನಿಗೆ ಕೈಟ್ ಹುಚ್ಚು, ನಾನು ಚೀಲ ಕಾಯುವವಳು. ನಿಮ್ಮ ಹೆಂಡತಿಗೂ ಅಮ್ಮನಿಗೂ ಬೇಕಾದದ್ದು ನಾನು ಹೇಳುತ್ತೇನೆ.

ಬೀಚ್ ಪಕ್ಕದ ಕ್ಯಾಂಪಿಂಗ್, ಹೆದ್ದಾರಿ ಬದಿಯ ಹೋಟೆಲ್ ಯಾವುದೂ ಬೇಡ. ಅವೆಲ್ಲ ಸರ್ಫರ್‌ಗಳಿಗೆ. ಹಳೇ ಊರಿನ ಗೋಡೆಯೊಳಗೆ ಮನೆ ಹಿಡಿಯಿರಿ. ಪುಯೆರ್ತಾ ದೆ ಹೆರೆಸ್ ಅನ್ನುವ ಕಲ್ಲಿನ ಬಾಗಿಲು ದಾಟಿ ಒಳಗೆ ಹೋದರೆ ಸಣ್ಣ ಸಣ್ಣ ಓಣಿ, ಸುಣ್ಣ ಬಳಿದ ಮನೆಗಳು, ಹೊರಗೆ ಗಾಳಿ ಅರಚುತ್ತಿದ್ದರೂ ಎಷ್ಟೋ ಓಣಿಗಳಲ್ಲಿ ಅರಾಮಾಗಿ ಕೂತು ಮಾತಾಡಬಹುದು. ಓಣಿ ತಿರುಗುವ ಮೂಲೆಯಲ್ಲಿ ಮಾತ್ರ ಹುಷಾರು, ಅಲ್ಲಿ ಒಂದೇ ಸಲ ಮುಖಕ್ಕೆ ಬಡಿಯುತ್ತದೆ. ಅಮ್ಮ ಸೀರೆ ಉಡುವವರಾದರೆ ಆ ವಾರದ ಮಟ್ಟಿಗೆ ಚೂಡಿದಾರಕ್ಕೆ ಒಪ್ಪಿಸಿ. ದುಪಟ್ಟಾಕ್ಕೆ ಎರಡೂ ಕಡೆ ಪಿನ್ ಹಾಕಲಿ. ದಾರ ಇಲ್ಲದ ಟೋಪಿ ತರುವುದೇ ಬೇಡ.

ಲೆವಾಂತೆ ದಿನ ಲೋಸ್ ಲಾನ್ಸೆಸ್‌ನಲ್ಲಿ ಚಾಪೆ ಹಾಸಿ ಕೂರುವ ಯೋಚನೆ ಬಿಟ್ಟುಬಿಡಿ. ಮರಳು ಮೊಣಕಾಲಿನ ಮಟ್ಟಕ್ಕೆ ಹರಿದುಕೊಂಡು ಬರುತ್ತದೆ, ಬರಿಗಾಲಿಗೆ ಚುಚ್ಚುತ್ತದೆ, ಡಬ್ಬಿ ತೆಗೆದರೆ ಊಟದಲ್ಲೂ ಮರಳು, ಹಲ್ಲಿನ ಸಂದಿಯಲ್ಲೂ ಮರಳು. ವಾಲ್ದೆವಾಕೆರೋಸ್ ಬೀಚ್‌ನ ಕೊನೆಯಲ್ಲಿ ಒಂದು ದೊಡ್ಡ ಮರಳ ಗುಡ್ಡೆ ಇದೆ, ಲೆವಾಂತೆ ಅದನ್ನು ತಂದು ತಂದು ಪಕ್ಕದ ರಸ್ತೆಯ ಮೇಲೆ ಸುರಿಯುತ್ತದೆ. ಯಂತ್ರ ತಂದು ಬಾಚುತ್ತಲೇ ಇರುತ್ತಾರೆ. ಅಂಥ ದಿನ ಬೀಚ್ ಬೇಕೇ ಬೇಕು ಅನ್ನಿಸಿದರೆ ಬಂದರಿನ ಹತ್ತಿರ ಪ್ಲಾಯಾ ಚಿಕಾ ಅಂತ ಪುಟ್ಟ ಬೀಚ್ ಇದೆ, ಕಟ್ಟೆಗಳ ಮರೆಯಲ್ಲಿ. ಅದರ ಪಕ್ಕದಲ್ಲೇ ಸಮುದ್ರದೊಳಗೆ ಹೋಗುವ ಕಟ್ಟೆ ರಸ್ತೆ, ಅದರ ತುದಿಯಲ್ಲಿ ಇಸ್ಲಾ ದೆ ಲಾಸ್ ಪಲೋಮಾಸ್ ದ್ವೀಪ. ಯುರೋಪ್‌ನ ಮುಖ್ಯ ನೆಲದ ದಕ್ಷಿಣದ ಕೊನೆ ಅದೇ. ಆ ರಸ್ತೆಯ ನಡುವೆ ನಿಂತರೆ ಎಡಕ್ಕೆ ಮೆಡಿಟರೇನಿಯನ್, ಬಲಕ್ಕೆ ಅಟ್ಲಾಂಟಿಕ್. ಎಡಗಡೆ ನೀರು ತೆಪ್ಪಗಿದ್ದು ಬಲಗಡೆ ಮಾತ್ರ ಕಲ್ಲಿಗೆ ಬಡಿಯುತ್ತಾ ಇದ್ದದ್ದು ನೋಡಿ ನನಗೆ ಅಲ್ಲಿಂದ ಕಾಲೇ ಕೀಳಲಾಗಲಿಲ್ಲ. ಫೋಟೋ ತೆಗೆಯಲು ಫೋನ್ ಹಿಡಿದರೆ ಗಾಳಿಗೆ ಕೈಯೇ ನಿಲ್ಲುವುದಿಲ್ಲ.

ಹಳೇ ಕಟ್ಟಡ ಅಂದಿರಲ್ಲ, ಗುಸ್ಮಾನ್ ಎಲ್ ಬುಯೆನೊ ಕೋಟೆ ಊರೊಳಗೇ ಇದೆ. ಕಟ್ಟಿಸಿದ್ದು ಕಾರ್ಡೊಬಾದ ಖಲೀಫ ಮೂರನೆಯ ಅಬ್ದುಲ್ ರಹಮಾನ್, 960ರಲ್ಲಿ. 1294ರ ಮುತ್ತಿಗೆಯಲ್ಲಿ ಶತ್ರುಗಳು ಕೋಟೆ ಕಾಯುತ್ತಿದ್ದ ಗುಸ್ಮಾನನ ಮಗನನ್ನು ಹಿಡಿದು ಕೋಟೆ ಒಪ್ಪಿಸು ಅಂದಾಗ ಅವನು ಗೋಡೆ ಮೇಲಿಂದ ತನ್ನ ಚಾಕುವನ್ನೇ ಎಸೆದನಂತೆ, ಬೇಕಾದರೆ ಇದರಲ್ಲೇ ಕೊಲ್ಲಿ ಅಂತ. ಊರು ಪೂರ್ತಿ ಅವನನ್ನು ಹೊಗಳುತ್ತದೆ. ನನಗೇನೋ ಆ ಹುಡುಗನ ತಾಯಿ ಏನು ಹೇಳಿದಳು ಅಂತ ಕೇಳಬೇಕು ಅನ್ನಿಸಿತು.

ಕಾರು ಇದ್ದರೆ ಬೊಲೋನಿಯಾ ಬಿಡಬೇಡಿ. ಬೀಚ್‌ಗೆ ತಾಗಿಕೊಂಡೇ ಬಾಯೆಲೋ ಕ್ಲೌಡಿಯಾ ಅನ್ನುವ ರೋಮನ್ ಊರಿನ ಅವಶೇಷ. ರಂಗಮಂದಿರ, ಮಾರುಕಟ್ಟೆ, ದೇವಸ್ಥಾನದ ಕಟ್ಟೆ ಎಲ್ಲಾ ಗುರುತು ಸಿಗುವಷ್ಟು ಉಳಿದಿದೆ. ನೀರಿನ ಹತ್ತಿರ ನೆಲದಲ್ಲಿ ಕಲ್ಲಿನ ದೊಡ್ಡ ದೊಡ್ಡ ತೊಟ್ಟಿಗಳಿವೆ, ಮೀನಿಗೆ ಉಪ್ಪು ಹಾಕಿ ಇಡುತ್ತಿದ್ದ ಜಾಗ. ಟ್ಯೂನಾ ಮೀನು ಹಿಡಿದು ಉಪ್ಪು ಹಾಕಿ, ಗಾರುಮ್ ಅನ್ನುವ ಮೀನಿನ ಸಾರ ಮಾಡಿ ಹಡಗಿನಲ್ಲಿ ಕಳಿಸುವುದೇ ಆ ಊರಿನ ಕಸುಬಾಗಿತ್ತು. ಸೋಮವಾರ ಬಾಗಿಲು ಹಾಕಿರುತ್ತಾರೆ, ನೋಡಿಕೊಂಡು ಹೋಗಿ.

ಸೆಪ್ಟೆಂಬರ್ ಅಂದರೆ ಇನ್ನೊಂದು ಲಾಭ. ಯುರೋಪ್‌ನ ಹಕ್ಕಿಗಳು ಆಫ್ರಿಕಾಕ್ಕೆ ದಾಟುವ ಸಮಯ ಅದು, ಹದ್ದು, ಗಿಡುಗ, ಕೊಕ್ಕರೆ ಎಲ್ಲಾ. ಲೆವಾಂತೆ ಜೋರಾಗಿದ್ದರೆ ಅವೂ ದಾಟಲಾರದೆ ಈ ಕಡೆಯೇ ಸುತ್ತು ಹೊಡೆಯುತ್ತಾ ಕಾಯುತ್ತವೆ. ಅಂಥ ದಿನ ತಲೆ ಎತ್ತಿದರೆ ಸಾಕು. ತಿಮಿಂಗಿಲ ಮತ್ತು ಡಾಲ್ಫಿನ್ ತೋರಿಸುವ ದೋಣಿಗಳೂ ಬಂದರಿನಿಂದ ಹೊರಡುತ್ತವೆ, ಆದರೆ ಗಾಳಿ ಜಾಸ್ತಿಯಾದರೆ ಹೊರಡುವುದಿಲ್ಲ, ಆದ್ದರಿಂದ ವಾರದ ಕೊನೆಗೆ ಇಟ್ಟುಕೊಳ್ಳದೆ ಗಾಳಿ ಇಲ್ಲದ ಮೊದಲ ದಿನವೇ ಮುಗಿಸಿ.

ಊಟ. ಮೊಟ್ಟೆಯೂ ಇಲ್ಲ ಅಂದರೆ ಸ್ವಲ್ಪ ಕಷ್ಟ, ಆಗದೇ ಇರುವಂಥದ್ದಲ್ಲ. ಎಲ್ಲರೂ ಹೇಳುವ ತೋರ್ತಿಯಾದಲ್ಲಿ ಆಲೂಗಡ್ಡೆ ಜೊತೆ ಮೊಟ್ಟೆ ಇರುತ್ತದೆ. ತರಕಾರಿ ಸಲಾಡ್ ಅಂತ ಹೇಳಿದರೂ ಮೇಲೆ ಟ್ಯೂನಾ ಉದುರಿಸಿ ತರುತ್ತಾರೆ. ತಣ್ಣಗಿನ ಸಾಲ್ಮೊರೆಹೊ ಸೂಪ್ ಮೇಲೆ ಮೊಟ್ಟೆ ಮತ್ತು ಹಂದಿ ಮಾಂಸದ ಚೂರು. ಟೊಮೆಟೊದ ತಣ್ಣನೆಯ ಸೂಪ್ ಗಾಸ್ಪಾಚೊ ಕೇಳಿ, ಕಡಲೆಕಾಳು ಹಾಕಿದ ಪಾಲಕ್ ಪಲ್ಯ ಕೇಳಿ, ಟೊಮೆಟೊ ಉಜ್ಜಿದ ಬ್ರೆಡ್ ಕೇಳಿ, ಹುರಿದ ಪಾದ್ರೋನ್ ಮೆಣಸಿನಕಾಯಿ ಕೇಳಿ. ಅಮ್ಮನಿಗೆ ಖಂಡಿತ ಹಿಡಿಸುವುದು ಬದನೆಕಾಯಿ ಕರಿದು ಮೇಲೆ ಕಬ್ಬಿನ ಪಾಕ ಸುರಿದು ಕೊಡುವ ತಿಂಡಿ. ಬಜ್ಜಿ ಮೇಲೆ ಜೋನಿ ಬೆಲ್ಲ ಹಾಕಿದ ಹಾಗೆ ಇರುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಒಮ್ಮೆ ವಿಚಾರಿಸಿ. ರಾತ್ರಿ ಎಂಟೂವರೆಗೆ ಮೊದಲು ಅಡುಗೆಮನೆ ತೆರೆಯದ ಹೋಟೆಲ್‌ಗಳೇ ಜಾಸ್ತಿ, ಅಮ್ಮನಿಗೆ ಏಳಕ್ಕೇ ಊಟ ಬೇಕಾದರೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಸರಿ. ಒಂದು ಸಣ್ಣ ಕುಕ್ಕರ್, ಸಾರಿನ ಪುಡಿ ಚೀಲದಲ್ಲಿ ಇರಲಿ.

ವೀಸಾ_ಪುರಾಣ:

ಮೊರಾಕೊ ವಿಚಾರಕ್ಕೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ತಾರಿಫಾದಿಂದ ಮೊರಾಕೊದ ಟ್ಯಾಂಜಿಯರ್ ಊರಿಗೆ ವೇಗದ ಹಡಗು ಇದೆ, ಒಂದು ಗಂಟೆ ಅನ್ನುವುದು ಸರಿ. ಆದರೆ ಭಾರತದ ಪಾಸ್‌ಪೋರ್ಟ್‌ಗೆ ಮೊರಾಕೊ ವೀಸಾ ಮೊದಲೇ ಬೇಕು. ನಿಮಗೆ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ವಾಪಸ್ ಬರಲು ತೊಂದರೆ ಇಲ್ಲ. ಗಮನ ಕೊಡಬೇಕಾದದ್ದು ಅಮ್ಮನ ವೀಸಾ. ಅದು ಒಂದೇ ಸಲ ಒಳಗೆ ಬಿಡುವ ಶೆಂಗೆನ್ ವೀಸಾ (ಜರ್ಮನಿ, ಸ್ಪೇನ್ ಸೇರಿ ಯುರೋಪ್‌ನ ಹಲವು ದೇಶಗಳಿಗೆ ಒಂದೇ ವೀಸಾ) ಆಗಿದ್ದರೆ ಟ್ಯಾಂಜಿಯರ್‌ನಲ್ಲಿ ಇಳಿದ ಕೂಡಲೇ ಮುಗಿಯಿತು, ಮತ್ತೆ ಸ್ಪೇನ್‌ಗೆ ಬಿಡುವುದಿಲ್ಲ. ಸ್ಟಿಕ್ಕರ್ ಮೇಲೆ ಎಷ್ಟು ಸಲದ ಪ್ರವೇಶ ಅಂತ ಬರೆದಿರುತ್ತದೆ, ಈಗಲೇ ತೆಗೆದು ನೋಡಿ. 'ಮುಲ್ಟ್' (MULT, ಅಂದರೆ ಹಲವು ಸಲ) ಅಂತ ಇದ್ದರೆ ಮಾತ್ರ ಮುಂದಿನ ಯೋಚನೆ.

ಇನ್ನು ಲೆವಾಂತೆ ಜೋರಾದರೆ ತಾರಿಫಾದ ಹಡಗು ರದ್ದು ಮಾಡುತ್ತಾರೆ. ಬೆಳಿಗ್ಗೆ ಆ ಕಡೆ ದಾಟಿ ಸಂಜೆ ಗಾಳಿ ಎದ್ದರೆ ಅಲ್ಲಿಂದ ಟ್ಯಾಂಜಿಯರ್‌ನ ಇನ್ನೊಂದು ಬಂದರು ತಾಂಜೆರ್ ಮೆದ್‌ಗೆ ಹೋಗಿ ಸ್ಪೇನ್‌ನ ಅಲ್ಜೆಸಿರಾಸ್ ಬಂದರಿಗೆ ಬರುವ ದೊಡ್ಡ ಹಡಗು ಹಿಡಿಯಬೇಕಾದೀತು. ಮೆದ್ ಇರುವುದು ಊರಿನಿಂದ ದೂರ, ವಯಸ್ಸಾದವರನ್ನು ಕರೆದುಕೊಂಡು ಆ ಓಡಾಟ ಬೇಡ. ಗಾಳಿಯ ಮುನ್ಸೂಚನೆ ನೋಡಿಯೇ ಟಿಕೆಟ್ ತೆಗೆಯಿರಿ.

ಮೂಲ್ಕಿ_ಅಲೆ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ವೀಸಾ ತೆಗೆದು ನೋಡಿದೆ, ಒಂದೇ ಪ್ರವೇಶ. ಹಾಗಾಗಿ ಮೊರಾಕೊ ಈ ಸಲ ಇಲ್ಲ. ಅಮ್ಮನಿಗೆ ಹೇಳಿದರೆ, ಆ ಕಡೆ ಏನಿದೆ ಅಂತ ಈ ಕಡೆಯಿಂದಲೇ ಕಾಣುತ್ತದಂತಲ್ಲ, ಸಾಕು ಅಂದರು.

ಇನ್ನೆರಡು ಅನುಮಾನ. ಕೈಟ್ ಕ್ಲಾಸ್ ಮೊದಲೇ ಬುಕ್ ಮಾಡಿದರೆ, ಗಾಳಿ ಜಾಸ್ತಿಯಾಗಿ ಅಥವಾ ಗಾಳಿಯೇ ಇಲ್ಲದೆ ಕ್ಲಾಸ್ ನಡೆಯದಿದ್ದರೆ ದುಡ್ಡು? ಮತ್ತೆ ಕಾರಿನ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ.

ಸೆವಿಯಾ_ಕನ್ನಡಿಗ:

ದುಡ್ಡಿನ ವಿಚಾರ ಶಾಲೆಯಿಂದ ಶಾಲೆಗೆ ಬೇರೆ. ನನ್ನ ಗೆಳೆಯನಿಗೆ ಒಂದು ಕಡೆ ಹಣದ ಬದಲು ಮುಂದಿನ ವರ್ಷ ಬನ್ನಿ ಅಂತ ಚೀಟಿ ಕೊಟ್ಟು ಕಳಿಸಿದರು, ಅದೇ ಬೀದಿಯ ಇನ್ನೊಂದು ಕಡೆ ನಡೆದ ಗಂಟೆಗೆ ಮಾತ್ರ ದುಡ್ಡು ತೆಗೆದುಕೊಂಡರು. ಪೂರ್ತಿ ಮುಂಗಡ ಕೊಡಬೇಡಿ. ಮೂರು ಪ್ರಶ್ನೆ ಮೆಸೇಜ್‌ನಲ್ಲೇ ಕೇಳಿ ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ: ಗಾಳಿ ಸರಿಯಿಲ್ಲದಿದ್ದರೆ ಹಣ ವಾಪಸ್ಸಾ, ಒಬ್ಬ ಮೇಷ್ಟ್ರಿಗೆ ಎಷ್ಟು ಜನ, ಲೆವಾಂತೆ ದಿನ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ. ಮೂರನೆಯದಕ್ಕೆ ತಡಬಡಾಯಿಸಿದರೆ ಬೇರೆ ಶಾಲೆ ನೋಡಿ. ಕ್ಲಾಸ್‌ಗಳನ್ನು ವಾರದ ಶುರುವಿಗೆ ಇಟ್ಟುಕೊಂಡರೆ ತಪ್ಪಿದ್ದನ್ನು ಮುಂದಕ್ಕೆ ಹಾಕಲು ದಿನ ಉಳಿಯುತ್ತದೆ.

ತಾರಿಫಾಗೆ ರೈಲು ಇಲ್ಲ. ಅಲ್ಜೆಸಿರಾಸ್ ತನಕ ರೈಲು, ಅಲ್ಲಿಂದ ಬಸ್. ನೀವೊಬ್ಬರೇ ಆದರೆ ಅಷ್ಟು ಸಾಕಿತ್ತು. ಅಮ್ಮ ಇದ್ದಾರೆ, ಬೊಲೋನಿಯಾ ನೋಡಬೇಕು, ಎಲ್ ಪಾಲ್ಮರ್‌ಗೆ ಹೋಗಬೇಕು ಅಂದರೆ ಕಾರು ಹಿಡಿಯಿರಿ. ಫ್ರಾಂಕ್‌ಫರ್ಟ್‌ನಿಂದ ಮಾಲಗಾಕ್ಕೆ ವಿಮಾನ, ಅಲ್ಲಿಂದ ಸುಮಾರು 160 ಕಿ.ಮೀ. ಅಲ್ಜೆಸಿರಾಸ್ ದಾಟಿ ಘಟ್ಟ ಹತ್ತಿದ ಮೇಲೆ ತಾರಿಫಾಗೆ ಸ್ವಲ್ಪ ಮೊದಲು ಎಡಗಡೆಗೆ ಮಿರಾದೋರ್ ದೆಲ್ ಎಸ್ತ್ರೇಚೊ ಅಂತ ನಿಲ್ಲುವ ಜಾಗ ಇದೆ. ಅಮ್ಮನಿಗೆ ಆಫ್ರಿಕಾ ತೋರಿಸಲು ಅದೇ ಸರಿ, ಮೋಡ ಇಲ್ಲದಿದ್ದರೆ ಮೊರಾಕೊದ ಬೆಟ್ಟ ಎದುರಿಗೇ ಕಾಣುತ್ತದೆ.

ಗಾಳಿಗೆ_ಛತ್ರಿ:

ಆ ಜಾಗದಲ್ಲಿ ಕಾರಿನ ಮೂತಿ ಗಾಳಿಯ ಕಡೆಗೆ ಇರುವಂತೆ ನಿಲ್ಲಿಸಿ. ಬೆನ್ನು ಕೊಟ್ಟು ನಿಲ್ಲಿಸಿದರೆ ಬಾಗಿಲು ತೆಗೆದ ಕೂಡಲೇ ಗಾಳಿ ಕಿತ್ತುಕೊಂಡು ಹೋಗಿ ಹಿಂಜ್ ಬಗ್ಗಿಸಿಬಿಡುತ್ತದೆ, ಪಕ್ಕದ ಕಾರಿಗೂ ಬಡಿಯುತ್ತದೆ. ಎರಡೂ ಕೈಯಲ್ಲಿ ಬಾಗಿಲು ಹಿಡಿದೇ ಇಳಿಯಬೇಕು. ಅಮ್ಮನ ಕಡೆಯ ಬಾಗಿಲನ್ನು ನೀವೇ ಹೊರಗಿನಿಂದ ತೆಗೆಯಿರಿ. ಬಾಡಿಗೆ ಕಾರಿನ ಇನ್ಶೂರೆನ್ಸ್‌ನಲ್ಲಿ ಗಾಳಿಯಿಂದ ಆದ ಬಾಗಿಲಿನ ಡ್ಯಾಮೇಜ್ ಸೇರುತ್ತದಾ ಅಂತ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.